ವಿತರಿತ ಸಂಗ್ರಹ ಸರ್ವರ್‌ಗಳಿಗೆ ಪ್ರೊಸೆಸರ್ ಆಯ್ಕೆ

ವಿತರಿತ ಸಂಗ್ರಹ ಸರ್ವರ್‌ಗಳಿಗೆ ಪ್ರೊಸೆಸರ್ ಆಯ್ಕೆ ಎಂದರೆ, ಒಂದೇ ದತ್ತಾಂಶ ಭಂಡಾರವಾಗಿ ಕೂಡಿ ಕೆಲಸ ಮಾಡುವ ಹಲವು ಸರ್ವರ್‌ಗಳಿಗೆ ಎಷ್ಟು ಕೋರ್, ಎಷ್ಟು ಕ್ಲಾಕ್ ವೇಗ, ಎಷ್ಟು ಮೆಮೊರಿ ಚಾನೆಲ್ ಮತ್ತು ಎಷ್ಟು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳಿರುವ ಪ್ರೊಸೆಸರ್ ಬೇಕು ಎಂಬುದನ್ನು ಲೆಕ್ಕ ಹಾಕಿ ಗೊತ್ತುಮಾಡುವ ಕೆಲಸ. ವಿತರಿತ ಸಂಗ್ರಹದಲ್ಲಿ ಒಂದು ಕಡತ ಸಾಮಾನ್ಯವಾಗಿ ಒಂದೇ ಯಂತ್ರದಲ್ಲಿ ಇಡಿಯಾಗಿ ಇರುವುದಿಲ್ಲ. ಅದನ್ನು ತುಂಡುಗಳಾಗಿ ಒಡೆದು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡಲಾಗುತ್ತದೆ. ಒಂದು ಡಿಸ್ಕ್ ಅಥವಾ ಇಡೀ ಸರ್ವರ್ ಕೆಟ್ಟರೂ ಉಳಿದವುಗಳಿಂದ ಕಡತವನ್ನು ಮತ್ತೆ ಕಟ್ಟಿಕೊಳ್ಳಬಹುದು. ಈ ಲೇಖನದಲ್ಲಿ ಅಂಥ ಒಂದೊಂದು ಸರ್ವರನ್ನು ನೋಡ್ ಎಂದೂ, ಎಲ್ಲ ನೋಡ್‌ಗಳ ಕೂಟವನ್ನು ಕ್ಲಸ್ಟರ್ ಎಂದೂ, ಒಂದೇ ದತ್ತಾಂಶವನ್ನು ಇದ್ದಹಾಗೆಯೇ ಹಲವೆಡೆ ಇಡುವುದನ್ನು ನಕಲು ವಿಧಾನ ಎಂದೂ, ಮೂಲ ತುಂಡುಗಳ ಜೊತೆಗೆ ಗಣಿತದಿಂದ ಹುಟ್ಟಿಸಿದ ಪ್ಯಾರಿಟಿ ತುಂಡುಗಳನ್ನು ಸೇರಿಸಿ ಹಂಚುವುದನ್ನು ಎರೇಷರ್ ಕೋಡಿಂಗ್ ಎಂದೂ ಕರೆಯಲಾಗಿದೆ. 8+3 ಎಂದು ಬರೆದಲ್ಲಿ ಎಂಟು ಮೂಲ ತುಂಡು, ಮೂರು ಪ್ಯಾರಿಟಿ ತುಂಡು ಎಂದರ್ಥ. ಹನ್ನೊಂದರಲ್ಲಿ ಯಾವ ಮೂರು ಹೋದರೂ ದತ್ತಾಂಶ ಉಳಿಯುತ್ತದೆ.

ಖರೀದಿಯ ಪಟ್ಟಿಯಲ್ಲಿ ಪ್ರೊಸೆಸರ್ ಮೊದಲ ಸಾಲಿನಲ್ಲಿ ಇರುವುದರಿಂದ ಅದನ್ನೇ ಮೊದಲು ತೀರ್ಮಾನಿಸುವ ರೂಢಿ ಇದೆ. ಲೆಕ್ಕ ನಡೆಯಬೇಕಾದ ದಿಕ್ಕು ಇದಕ್ಕೆ ತಿರುಗುಮುರುಗು. ಡಿಸ್ಕ್‌ಗಳ ಬಗೆ, ನೆಟ್‌ವರ್ಕ್‌ನ ಅಗಲ ಮತ್ತು ದತ್ತಾಂಶ ಕಾಪಾಡುವ ವಿಧಾನ ಈ ಮೂರೂ ಗೊತ್ತಾದ ಮೇಲೆ ಪ್ರೊಸೆಸರ್ ತಾನಾಗಿ ಗೊತ್ತಾಗುತ್ತದೆ. ಅದನ್ನು ಅಳೆಯಬೇಕಾದದ್ದು ದಿನನಿತ್ಯದ ಹೊರೆಗಲ್ಲ, ಒಂದು ನೋಡ್ ಕೆಟ್ಟುಹೋದ ದಿನದ ಹೊರೆಗೆ. ಭದ್ರಾ ನಾಲೆಯ ಕೊನೆಭಾಗದಲ್ಲಿರುವ ಮಲೆಬೆನ್ನೂರಿನ ಗದ್ದೆಗಳಿಗೆ ಎಷ್ಟು ನೀರು ಬರುತ್ತದೆ ಎಂಬುದನ್ನು ಅಣೆಕಟ್ಟೆಯ ತೂಬಿನ ಅಗಲವೊಂದೇ ತೀರ್ಮಾನಿಸುವುದಿಲ್ಲ, ದಾರಿಯ ಅತಿ ಕಿರಿದಾದ ಜಾಗ ತೀರ್ಮಾನಿಸುತ್ತದೆ. ಸಂಗ್ರಹ ಸರ್ವರಿನೊಳಗೆ ಹರಿಯುವ ದತ್ತಾಂಶಕ್ಕೂ ಇದೇ ನಿಯಮ.

ಹಿನ್ನೆಲೆ

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಅವರ ಪ್ರಬಂಧ ರೇಡ್ ಎಂಬ ವಿಧಾನಕ್ಕೆ ಹೆಸರು ಕೊಟ್ಟಿತು. ಅಗ್ಗದ ಹಲವು ಡಿಸ್ಕ್‌ಗಳನ್ನು ಕೂಡಿಸಿ ಒಂದು ನಂಬಿಕಸ್ಥ ಡಿಸ್ಕ್‌ನಂತೆ ಬಳಸುವುದು ಅದರ ತಿರುಳು. ಮುಂದೆ ಬಹುಕಾಲ ಪ್ಯಾರಿಟಿ ಲೆಕ್ಕವನ್ನು ಪ್ರತ್ಯೇಕ ರೇಡ್ ಕಾರ್ಡಿನ ಚಿಪ್ಪು ಮಾಡುತ್ತಿತ್ತು, ಸರ್ವರಿನ ಮುಖ್ಯ ಪ್ರೊಸೆಸರಿಗೆ ಅದರ ಗೊಡವೆ ಇರಲಿಲ್ಲ. 2003ರಲ್ಲಿ ಗೂಗಲ್ ತನ್ನ ಕಡತ ವ್ಯವಸ್ಥೆಯ ವಿವರ ಪ್ರಕಟಿಸಿದಾಗ ಆ ಕಾರ್ಡೂ ಬೇಡವಾಯಿತು: ಸಾಮಾನ್ಯ ಲಿನಕ್ಸ್ ಯಂತ್ರಗಳಲ್ಲಿ 64 ಎಂಬಿ ತುಂಡುಗಳನ್ನು ಮೂರು ನಕಲಾಗಿ ಇಡುವುದೇ ಅದರ ವಿಧಾನ. ಅದನ್ನು ಅನುಸರಿಸಿ ಹಡೂಪ್ ಎಂಬ ಮುಕ್ತ ತಂತ್ರಾಂಶದ ಕಡತ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್ ಬಂತು. ನಕಲು ಮಾಡುವುದಕ್ಕೆ ಗಣಿತ ಬೇಕಿಲ್ಲ. ಬಂದ ಬೈಟನ್ನು ಡಿಸ್ಕಿಗೂ ಪಕ್ಕದ ನೋಡ್‌ಗೂ ಕಳಿಸಿದರಾಯಿತು. ಸಂಗ್ರಹ ಸರ್ವರಿಗೆ ತೀರಾ ಅಗ್ಗದ ಪ್ರೊಸೆಸರ್ ಸಾಕು ಎಂಬ ಇಂದಿಗೂ ಉಳಿದಿರುವ ನಂಬಿಕೆ ಆ ಕಾಲದ್ದು, ಆ ಕಾಲಕ್ಕೆ ಸರಿಯೂ ಆಗಿತ್ತು.

ಇದನ್ನು ಬದಲಿಸಿದ್ದು ಎರೇಷರ್ ಕೋಡಿಂಗ್. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ 1960ರಲ್ಲೇ ಪ್ರಕಟಿಸಿದ್ದ ಗಣಿತ ಇದರ ಬುನಾದಿ. ಮೂರು ನಕಲಿನಲ್ಲಿ 1 ಟಿಬಿ ದತ್ತಾಂಶಕ್ಕೆ 3 ಟಿಬಿ ಜಾಗ ಬೇಕು; 8+3ರಲ್ಲಿ 1.375 ಟಿಬಿ ಸಾಕು. ದತ್ತಾಂಶ ಪೆಟಾಬೈಟ್ ದಾಟಿದ ಮೇಲೆ ಈ ವ್ಯತ್ಯಾಸವೇ ಡಿಸ್ಕ್ ಖರ್ಚನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಹಡೂಪ್ 2017ರ ಡಿಸೆಂಬರಿನ 3.0 ಆವೃತ್ತಿಯಲ್ಲಿ ಎಚ್‌ಡಿಎಫ್‌ಎಸ್‌ಗೆ ಇದನ್ನು ಅಳವಡಿಸಿತು. ಆದರೆ ಡಿಸ್ಕಿನಲ್ಲಿ ಉಳಿದ ಹಣದ ಒಂದು ಪಾಲನ್ನು ಪ್ರೊಸೆಸರಿಗೂ ನೆಟ್‌ವರ್ಕಿಗೂ ತೆರಬೇಕಾಯಿತು.

ಈ ಇತಿಹಾಸದಲ್ಲಿ ಬೆಂಗಳೂರಿಗೆ ಎರಡು ಕಡೆ ಜಾಗವಿದೆ. ಮೊದಲನೆಯದು ಗ್ಲಸ್ಟರ್. ಯಾವ ಕಡತ ಎಲ್ಲಿದೆ ಎಂಬ ದಾಖಲೆಗೆ, ಅಂದರೆ ಮೆಟಾಡೇಟಾಕ್ಕೆಂದು, ಪ್ರತ್ಯೇಕ ಸರ್ವರ್ ಇಲ್ಲದೆ, ಕಡತದ ಹೆಸರಿನಿಂದಲೇ ಹ್ಯಾಶ್ ಲೆಕ್ಕ ಹಾಕಿ ಜಾಗ ಹುಡುಕುವ ಈ ವಿತರಿತ ಕಡತ ವ್ಯವಸ್ಥೆಯನ್ನು ಕಟ್ಟಿದ ಎಂಜಿನಿಯರುಗಳ ದೊಡ್ಡ ಪಾಲು ಬೆಂಗಳೂರಿನಲ್ಲಿ ಕೆಲಸ ಮಾಡಿತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆ 13.6 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಎರಡನೆಯದು ಇಂಟೆಲ್‌ನ ಕ್ಸಿಯಾನ್ 7400. 'ಡನಿಂಗ್ಟನ್' ಎಂಬ ಸಂಕೇತನಾಮದ, ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಈ ಆರು ಕೋರ್‌ಗಳ ಪ್ರೊಸೆಸರ್ 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಈ ಚಿಪ್ಪು ಪ್ರಸ್ತುತ ವಿಷಯಕ್ಕೆ ಒಂದು ಒಳ್ಳೆಯ ಸಾಕ್ಷಿ. ಅದರ ಆರೂ ಕೋರ್‌ಗಳು ಮೆಮೊರಿ ತಲುಪಲು ಸೆಕೆಂಡಿಗೆ ಸುಮಾರು 8.5 ಜಿಬಿ ಸಾಗಿಸುವ ಒಂದೇ ಬಸ್ಸನ್ನು ಹಂಚಿಕೊಳ್ಳಬೇಕಿತ್ತು. ಆರು ತಿಂಗಳ ನಂತರ ಬಂದ ಕ್ಸಿಯಾನ್ 5500ರಲ್ಲಿ ಇದ್ದದ್ದು ನಾಲ್ಕೇ ಕೋರ್, ಆದರೆ ಮೆಮೊರಿ ನಿಯಂತ್ರಕ ಪ್ರೊಸೆಸರಿನೊಳಗೇ ಬಂದು ಮೂರು ಚಾನೆಲ್‌ಗಳಿಂದ ಸುಮಾರು 32 ಜಿಬಿ ಸಿಗುತ್ತಿತ್ತು. ಕೋರ್‌ಗಳ ನಡುವೆ ಹಂಚಿದ ಲೆಕ್ಕದ ಕೆಲಸಕ್ಕೆ ಡನಿಂಗ್ಟನ್ ಶಕ್ತಿಶಾಲಿಯೇ. ಬೈಟುಗಳನ್ನು ಅತ್ತಿಂದಿತ್ತ ಸಾಗಿಸುವುದೇ ಕಸುಬಾಗಿರುವ ಸಂಗ್ರಹ ಸರ್ವರಿಗೆ ಕಡಿಮೆ ಕೋರ್‌ಗಳ ಎರಡನೆಯದೇ ತಕ್ಕದ್ದು.

ನೋಡ್‌ನೊಳಗೆ ಪ್ರೊಸೆಸರ್ ಮಾಡುವ ಕೆಲಸ

ನೆಟ್‌ವರ್ಕಿನಿಂದ ಬಂದ ಒಂದು ತುಂಡು ಡಿಸ್ಕ್ ಸೇರುವ ಮುನ್ನ ಹಲವು ಕೈ ದಾಟುತ್ತದೆ. ಮೊದಲು ಅದು ಮೆಮೊರಿಗೆ ಇಳಿಯುತ್ತದೆ. ದಾರಿಯಲ್ಲಿ ಕೆಟ್ಟಿದೆಯೇ ಎಂದು ಚೆಕ್‌ಸಮ್ ಲೆಕ್ಕ ನಡೆಯುತ್ತದೆ. ಎರೇಷರ್ ಕೋಡಿಂಗ್ ಇದ್ದರೆ ಪ್ಯಾರಿಟಿ ಹುಟ್ಟುತ್ತದೆ, ಗೂಢಲಿಪೀಕರಣ ಇದ್ದರೆ ಅದೂ ಆಗುತ್ತದೆ, ಕುಗ್ಗಿಸುವ ವ್ಯವಸ್ಥೆ ಇದ್ದರೆ ಕುಗ್ಗುತ್ತದೆ. ಆಮೇಲೆ ಯಾವ ತುಂಡು ಎಲ್ಲಿ ಕೂತಿತು ಎಂಬ ದಾಖಲೆ ಒಂದು ಸಣ್ಣ ಡೇಟಾಬೇಸಿಗೆ ಹೋಗುತ್ತದೆ, ಇತರ ನೋಡ್‌ಗಳಿಂದ ಒಪ್ಪಿಗೆ ಬರುವ ತನಕ ಕಾಯಬೇಕಾಗುತ್ತದೆ. ಇವುಗಳಲ್ಲಿ ಗಣಿತದ ಭಾಗ ಎಲ್ಲರೂ ಅಂದುಕೊಳ್ಳುವಷ್ಟು ಭಾರವಲ್ಲ. ಚೆಕ್‌ಸಮ್‌ಗೆ ಬೇಕಾದ ಸಿಆರ್‌ಸಿ ಆಜ್ಞೆ ಇಂಟೆಲ್ ಪ್ರೊಸೆಸರ್‌ಗಳಿಗೆ 2008ರ ನೆಹಾಲೆಮ್ ವಿನ್ಯಾಸದಲ್ಲೇ ಬಂತು, ಗೂಢಲಿಪೀಕರಣದ ಎಇಎಸ್ ಆಜ್ಞೆಗಳು 2010ರ ವೆಸ್ಟ್‌ಮಿಯರ್‌ನಲ್ಲಿ ಬಂದವು. ಪ್ಯಾರಿಟಿ ಲೆಕ್ಕವನ್ನು ಅಗಲವಾದ ವೆಕ್ಟರ್ ಆಜ್ಞೆಗಳಿಂದ ಮಾಡುವ ಐಎಸ್ಎ-ಎಲ್‌ನಂಥ ಗ್ರಂಥಾಲಯಗಳಿವೆ. ಒಂದೇ ಕೋರ್ ಸೆಕೆಂಡಿಗೆ ಹಲವು ಜಿಬಿ ದತ್ತಾಂಶಕ್ಕೆ ಪ್ಯಾರಿಟಿ ಹುಟ್ಟಿಸಬಲ್ಲದು. ನಿಜವಾದ ಹೊರೆ ಇರುವುದು ತಂತ್ರಾಂಶದ ಓಡಾಟದಲ್ಲಿ. ಕೋರಿಕೆಯನ್ನು ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ದಾಟಿಸುವುದು, ಬೀಗ ಹಾಕಿ ತೆಗೆಯುವುದು, ಕರ್ನೆಲ್‌ಗೆ ಹೋಗಿ ಬರುವುದು, ಮೆಮೊರಿಯಿಂದ ಮೆಮೊರಿಗೆ ನಕಲಿಸುವುದು ಇವೇ ಕೋರ್‌ಗಳ ಹೆಚ್ಚಿನ ಹೊತ್ತನ್ನು ತಿನ್ನುತ್ತವೆ. 2018ರ ಜನವರಿಯಲ್ಲಿ ಬಹಿರಂಗವಾದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ದೋಷಗಳಿಗೆ ಹಾಕಿದ ತೇಪೆಗಳು ಕರ್ನೆಲ್ ಓಡಾಟವನ್ನು ಇನ್ನಷ್ಟು ದುಬಾರಿ ಮಾಡಿದಾಗ, ಸಣ್ಣ ಸಣ್ಣ ಕೋರಿಕೆಗಳ ಸಂಗ್ರಹ ಸರ್ವರ್‌ಗಳಿಗೆ ಅದರ ಬಿಸಿ ಹೆಚ್ಚು ತಟ್ಟಿತು.

ಆದ್ದರಿಂದಲೇ ಹೊರೆಯನ್ನು ಬೈಟುಗಳಲ್ಲಿ ಮಾತ್ರವಲ್ಲ, ಕೋರಿಕೆಗಳ ಸಂಖ್ಯೆಯಲ್ಲೂ ಅಳೆಯಬೇಕು. ಹೆಚ್ಚು ಬಳಕೆಯಲ್ಲಿರುವ ಸೆಫ್ ವ್ಯವಸ್ಥೆಯ ಅಧಿಕೃತ ಕೈಪಿಡಿ ಎರಡೂ ಬಗೆಯ ಅಂದಾಜು ಕೊಡುತ್ತದೆ: ಸೆಕೆಂಡಿಗೆ 200ರಿಂದ 500 ಎಂಬಿಗೆ ಒಂದು ಕೋರ್, ಇಲ್ಲವೇ ಸೆಕೆಂಡಿಗೆ 1,000ದಿಂದ 3,000 ಕೋರಿಕೆಗೆ ಒಂದು ಕೋರ್. ಪ್ರೊಸೆಸರಿನ ತಲೆಮಾರು, ಡಿಸ್ಕ್, ಓದು-ಬರಹದ ಪ್ರಮಾಣ ನೋಡಿ ಈ ಅಂಕಿಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಆದರೂ ಖರೀದಿಗೆ ಮುನ್ನ ಕಾಗದದ ಮೇಲೆ ಹಾಕುವ ಮೊದಲ ಲೆಕ್ಕಕ್ಕೆ ಇವು ಸಾಕು.

ನೋಡ್‌ಗಳ ಬಗೆಗಳು

ತಿರುಗುವ ಡಿಸ್ಕ್‌ಗಳ ನೋಡ್ ಮೊದಲನೆಯ ಬಗೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಓದುಗಡ್ಡಿಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡಿಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಗಡ್ಡಿ ಸರಿಯುವ ಹೊತ್ತೂ ಸೇರಿ ಸೆಕೆಂಡಿಗೆ 100ರಿಂದ 200 ಚದುರಿದ ಕೋರಿಕೆ ಮಾತ್ರ ಸಾಧ್ಯ. ಸಾಲಾಗಿ ಓದಿದರೆ 250 ಎಂಬಿಯ ಆಸುಪಾಸು ಸಿಗುತ್ತದೆ. ಹನ್ನೆರಡು ಡಿಸ್ಕಿನ ನೋಡ್‌ಗೆ ಕೋರಿಕೆಯ ಲೆಕ್ಕದಲ್ಲಿ (ಡಿಸ್ಕಿಗೆ 150ರಂತೆ 1,800) ಒಂದೆರಡು ಕೋರ್ ಸಾಕು, ಸಾಲು ಓದಿನ ಲೆಕ್ಕದಲ್ಲಿ (3 ಜಿಬಿ) ಆರರಿಂದ ಹದಿನೈದು ಕೋರ್ ಬೇಕು. ಒಂದೇ ನೋಡ್‌ಗೆ ಬಂದ ಈ ಎರಡು ಉತ್ತರಗಳ ನಡುವಿನ ಅಂತರವೇ ಆಯ್ಕೆಯ ಕಷ್ಟ. ಮೊದಲನೆಯದು ಸಾಮಾನ್ಯ ದಿನದ್ದು. ಎರಡನೆಯದು ಎಂದು ಬೇಕಾಗುತ್ತದೆ ಎಂಬುದನ್ನು ಮುಂದಿನ ಭಾಗ ಹೇಳುತ್ತದೆ.

ಎನ್‌ವಿಎಂಇ ಫ್ಲ್ಯಾಶ್ ನೋಡ್‌ನಲ್ಲಿ ಪರಿಸ್ಥಿತಿ ತಲೆಕೆಳಗು. ನಾಲ್ಕನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ಸಿನ ನಾಲ್ಕು ಲೇನ್ ಬಳಸುವ ಒಂದು ಡ್ರೈವ್ ಸೆಕೆಂಡಿಗೆ 7 ಜಿಬಿ ಓದುತ್ತದೆ, ಹತ್ತು ಲಕ್ಷದ ಹತ್ತಿರ ಸಣ್ಣ ಓದುಗಳನ್ನು ಪೂರೈಸುತ್ತದೆ. ಸೆಫ್ ಕೈಪಿಡಿಯ ಮೇಲಿನ ಅಂಕಿಯನ್ನೇ ಹಿಡಿದರೂ 64 ಕೋರ್ ಸೇರಿ 1.92 ಲಕ್ಷ ಕೋರಿಕೆ ನಡೆಸುತ್ತವೆ. ಬರೀ ಓದಿನಲ್ಲಿ ಇದಕ್ಕಿಂತ ಹೆಚ್ಚು ಸಿಕ್ಕೀತು, ಆದರೂ ಇಪ್ಪತ್ತನಾಲ್ಕು ಡ್ರೈವ್‌ಗಳ ಪೂರ್ತಿ ಕಸುವನ್ನು ಹೊರತೆಗೆಯುವುದು ಒಂದು ಪ್ರೊಸೆಸರಿನ ಅಳವಲ್ಲ. ಇಲ್ಲಿ ಕಿರಿದಾದ ಜಾಗ ಡ್ರೈವ್ ಅಲ್ಲ, ಪ್ರೊಸೆಸರ್. ಒಂದು ಪೆಟ್ಟಿಗೆಗೆ 24 ಡ್ರೈವ್ ತುಂಬಿಸುವುದಕ್ಕಿಂತ ಎಂಟೋ ಹತ್ತೋ ಡ್ರೈವ್‌ನ ಹೆಚ್ಚು ಪೆಟ್ಟಿಗೆಗಳನ್ನು ಇಡುವುದು ಇಂಥ ಕೆಲಸಕ್ಕೆ ಲೇಸು.

ಫ್ಲ್ಯಾಶ್ ನೋಡ್‌ನಲ್ಲಿ ಲೇನ್‌ಗಳ ಎಣಿಕೆ ಕೋರ್‌ಗಳ ಎಣಿಕೆಯಷ್ಟೇ ಮುಖ್ಯ. 24 ಡ್ರೈವ್‌ಗೆ 96 ಲೇನ್, 100 ಗಿಗಾಬಿಟ್‌ನ ಎರಡು ನೆಟ್‌ವರ್ಕ್ ಕಾರ್ಡ್‌ಗೆ 32 ಲೇನ್ ಎಂದರೆ ಒಟ್ಟು 128. ಎಎಂಡಿಯ ಎಪಿಕ್‌ನ ಮುಖ್ಯ ಸಾಲಿನ ಪ್ರೊಸೆಸರ್ 2017ರ ಮೊದಲ ತಲೆಮಾರಿನಿಂದಲೇ ಒಂದು ಸಾಕೆಟ್ಟಿಗೆ 128 ಲೇನ್ ಕೊಡುತ್ತಿದೆ. 2019ರ 'ರೋಮ್' ಅವುಗಳನ್ನು ನಾಲ್ಕನೇ ತಲೆಮಾರಿಗೆ ಏರಿಸಿತು. ಇಂಟೆಲ್‌ನ 2021ರ 'ಐಸ್ ಲೇಕ್' ಕ್ಸಿಯಾನ್‌ನಲ್ಲಿ ಸಾಕೆಟ್ಟಿಗೆ 64, 2023ರ 'ಸಫೈರ್ ರ‍್ಯಾಪಿಡ್ಸ್'ನಲ್ಲಿ 80. ಅಲ್ಲಿ ಇದೇ ಪೆಟ್ಟಿಗೆಗೆ ಎರಡು ಸಾಕೆಟ್ ಬೇಕು, ಇಲ್ಲವೇ ಲೇನ್‌ಗಳನ್ನು ಹಂಚುವ ಸ್ವಿಚ್ ಬೇಕು. ಎರಡು ಸಾಕೆಟ್ ಆದಾಗ ನೂಮಾ ಎಂಬ ತೊಡಕು ಬರುತ್ತದೆ: ಒಂದು ಪ್ರೊಸೆಸರಿಗೆ ಸೇರಿದ ಡ್ರೈವಿನ ದತ್ತಾಂಶ ಇನ್ನೊಂದಕ್ಕೆ ಸೇರಿದ ನೆಟ್‌ವರ್ಕ್ ಕಾರ್ಡಿಗೆ ಹೋಗಲು ನಡುವಿನ ಕೊಂಡಿ ದಾಟಬೇಕು, ತಡವಾಗುತ್ತದೆ. ಸಂಗ್ರಹಕ್ಕೆ ಮಾತ್ರ ಮೀಸಲಾದ ನೋಡ್‌ಗೆ ಒಂದೇ ಸಾಕೆಟ್ ಒಳ್ಳೆಯದೆನ್ನುವುದಕ್ಕೆ ಇದು ಬಲವಾದ ಕಾರಣ. ಮೆಮೊರಿಯ ಲೆಕ್ಕವೂ ಇಲ್ಲೇ ಬರುತ್ತದೆ. 200 ಗಿಗಾಬಿಟ್ ಎಂದರೆ ಸೆಕೆಂಡಿಗೆ 25 ಜಿಬಿ. ಪ್ರತಿ ಬೈಟು ಬರುವಾಗ, ಪರೀಕ್ಷೆಯಾಗುವಾಗ, ಗೂಢಲಿಪಿಯಾಗುವಾಗ, ಹೊರಹೋಗುವಾಗ ಹೀಗೆ ನಾಲ್ಕೈದು ಸಲ ಮೆಮೊರಿಯನ್ನು ಮುಟ್ಟಿದರೆ 100ರಿಂದ 125 ಜಿಬಿ ಆಗುತ್ತದೆ. ಡಿಡಿಆರ್4-3200ರ ಎಂಟು ಚಾನೆಲ್ ತುಂಬಿದಾಗ ಸಿಗುವ ಗರಿಷ್ಠ 204.8 ಜಿಬಿ. ಹಣ ಉಳಿಸಲು ನಾಲ್ಕೇ ಚಾನೆಲ್‌ಗೆ ಮೆಮೊರಿ ಹಾಕಿದ ಸರ್ವರ್ ಎಷ್ಟೇ ಕೋರ್ ಇದ್ದರೂ ಸೋಲುವುದು ಈ ಕಾರಣಕ್ಕೆ.

ಮೂರನೆಯದು ಮೆಟಾಡೇಟಾ ನೋಡ್. ಸೆಫ್ ಕಡತ ವ್ಯವಸ್ಥೆಯ ಮೆಟಾಡೇಟಾ ಸರ್ವರ್ ಬಹುಮಟ್ಟಿಗೆ ಒಂದೇ ಥ್ರೆಡ್ಡಿನಲ್ಲಿ ಓಡುತ್ತದೆ. ಅದಕ್ಕೆ ಬೇಕಾದದ್ದು ಹೆಚ್ಚು ಕೋರ್ ಅಲ್ಲ, ಹೆಚ್ಚು ಕ್ಲಾಕ್ ವೇಗ. ಎಚ್‌ಡಿಎಫ್‌ಎಸ್‌ನ ನೇಮ್‌ನೋಡ್ ಎಲ್ಲ ಕಡತಗಳ ಹೆಸರನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ, ಅಲ್ಲಿ ಮೆಮೊರಿಯೇ ಮೇಲು. ಸಂಗ್ರಹ ನೋಡ್‌ಗಳಿಗೆ ಕೊಂಡ ಪ್ರೊಸೆಸರನ್ನೇ ಇವಕ್ಕೂ ಹಾಕುವುದು ಖರೀದಿಗೆ ಸಲೀಸು, ಕೆಲಸಕ್ಕೆ ಸಲ್ಲದು.

ಮರುನಿರ್ಮಾಣದ ಹೊರೆ

ವಿತರಿತ ಸಂಗ್ರಹವನ್ನು ಜನ ಕೊಳ್ಳುವುದೇ ಯಂತ್ರ ಕೆಟ್ಟರೂ ದತ್ತಾಂಶ ಉಳಿಯಲಿ ಎಂದು. ಹಾಗಾಗಿ ಯಂತ್ರ ಕೆಟ್ಟ ದಿನವನ್ನು ಬಿಟ್ಟು ಅಳತೆ ಮಾಡಿದರೆ ಕೊಂಡ ಉದ್ದೇಶವನ್ನೇ ಬಿಟ್ಟಂತೆ. 20 ಟಿಬಿಯ ಹನ್ನೆರಡು ಡಿಸ್ಕ್ ಇರುವ ಹನ್ನೆರಡು ನೋಡ್‌ಗಳ ಕ್ಲಸ್ಟರ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಡಿಸ್ಕ್‌ಗಳು ತುಂಬಿವೆ, ವಿಧಾನ 8+3, ನೆಟ್‌ವರ್ಕ್ 25 ಗಿಗಾಬಿಟ್. ಒಂದು ನೋಡ್ ಪೂರ್ತಿ ಹೋದರೆ 240 ಟಿಬಿಯ ತುಂಡುಗಳನ್ನು ಮತ್ತೆ ಹುಟ್ಟಿಸಬೇಕು. ಮೂರು ನಕಲಿನಲ್ಲಾದರೆ ಅಷ್ಟನ್ನೇ ಓದಿ ಅಷ್ಟನ್ನೇ ಬರೆದರೆ ಮುಗಿಯಿತು. 8+3ರಲ್ಲಿ ಕಳೆದುಹೋದ ಒಂದು ತುಂಡಿಗೆ ಉಳಿದ ಎಂಟು ತುಂಡು ಓದಬೇಕು: 1,920 ಟಿಬಿ. ಉಳಿದ ಹನ್ನೊಂದು ನೋಡ್‌ಗಳಿಗೆ ಹಂಚಿದರೆ ಒಂದೊಂದೂ ಸುಮಾರು 175 ಟಿಬಿ ಓದಿ ಹೊರಗೆ ಕಳಿಸಬೇಕು, ಅಷ್ಟನ್ನೇ ಒಳಗೂ ತೆಗೆದುಕೊಳ್ಳಬೇಕು. ನೆಟ್‌ವರ್ಕಿನ ಪೂರ್ತಿ ಅಗಲ ಸೆಕೆಂಡಿಗೆ 3 ಜಿಬಿಯಷ್ಟು ಸಿಕ್ಕರೂ ಹದಿನಾರು ಗಂಟೆ ಹಿಡಿಯುತ್ತದೆ. ಬಳಕೆದಾರರ ಕೋರಿಕೆಗಳೂ ಜೊತೆಗಿರುವುದರಿಂದ ದಿನಗಟ್ಟಲೆ ಆಗುವುದು ಸಹಜ. ಆ ವೇಗವನ್ನು ಹಿಡಿದಿಡಲು ಬೇಕಾದದ್ದು ಹಿಂದಿನ ಭಾಗದ ಎರಡನೆಯ ಉತ್ತರ, ಅಂದರೆ ಆರರಿಂದ ಹದಿನೈದು ಕೋರ್. ಈ ಕ್ಲಸ್ಟರಿನ ಪ್ರತಿ ನೋಡ್‌ಗೆ 16 ಕೋರ್‌ಗಳ ಒಂದು ಪ್ರೊಸೆಸರ್ ತಕ್ಕ ಅಳತೆ ಎಂಬ ತೀರ್ಮಾನ ಹೀಗೆ ಬರುತ್ತದೆ. ನಾಲ್ಕು ಕೋರ್ ಹಾಕಿದರೆ ಸಾಮಾನ್ಯ ದಿನ ಯಾರಿಗೂ ತಿಳಿಯುವುದಿಲ್ಲ, ಮರುನಿರ್ಮಾಣ ಮೂರು ನಾಲ್ಕು ಪಟ್ಟು ಎಳೆಯಬಹುದು. ಅಷ್ಟು ಹೊತ್ತೂ ಇನ್ನೊಂದು ನೋಡ್ ಕೆಡುವ ಅಪಾಯ ತೆರೆದೇ ಇರುತ್ತದೆ. ಅರವತ್ತನಾಲ್ಕು ಹಾಕಿದರೆ ಡಿಸ್ಕೂ ನೆಟ್‌ವರ್ಕೂ ಅವಕ್ಕೆ ಕೆಲಸ ಕೊಡಲಾರವು.

ಕೋಡಿಂಗ್ ವಿಧಾನವನ್ನು ಬದಲಿಸಿ ಹೊರೆ ಇಳಿಸುವ ದಾರಿಯೂ ಇದೆ. ಮೈಕ್ರೋಸಾಫ್ಟ್ ತನ್ನ ಅಜ್ಯೂರ್ ಸಂಗ್ರಹಕ್ಕಾಗಿ 2012ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹನ್ನೆರಡು ತುಂಡುಗಳನ್ನು ಎರಡು ಗುಂಪು ಮಾಡಿ, ಗುಂಪಿಗೊಂದು ಸ್ಥಳೀಯ ಪ್ಯಾರಿಟಿ ಮತ್ತು ಒಟ್ಟಿಗೆ ಎರಡು ಪ್ಯಾರಿಟಿ ಇಡಲಾಗುತ್ತದೆ. ಒಂದು ತುಂಡು ಹೋದಾಗ ಹನ್ನೆರಡರ ಬದಲು ಆರನ್ನು ಓದಿದರೆ ಸಾಕು, ಜಾಗ 1.33 ಪಟ್ಟು ಮಾತ್ರ. ಇದು ಮೇಲಿನ ವಾದಕ್ಕೆ ಪುಷ್ಟಿಯೇ: ದತ್ತಾಂಶ ಕಾಪಾಡುವ ವಿಧಾನ ಗೊತ್ತಾಗುವ ಮೊದಲು ಪ್ರೊಸೆಸರ್ ಗೊತ್ತುಮಾಡಲು ಬರುವುದಿಲ್ಲ.

ಆಕ್ಷೇಪಗಳು

ನೆಟ್‌ವರ್ಕೇ ಮಿತಿ ಎಂದಮೇಲೆ ಪ್ರೊಸೆಸರ್ ಯಾವುದಾದರೇನು ಎಂಬುದು ಮೊದಲ ಆಕ್ಷೇಪ. 10 ಗಿಗಾಬಿಟ್ ಕಾಲದಲ್ಲಿ, ತಿರುಗುವ ಡಿಸ್ಕುಗಳಿಗೆ ಇದು ಒಪ್ಪತಕ್ಕ ಮಾತು. ನೆಟ್‌ವರ್ಕ್ ಹತ್ತರಿಂದ ನೂರಕ್ಕೆ, ನೂರರಿಂದ ನಾನ್ನೂರಕ್ಕೆ ಏರಿದೆ. ಒಂದು ಕೋರ್‌ನ ವೇಗ ಆ ಗತಿಯಲ್ಲಿ ಏರಿಲ್ಲ. ಮಿತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿದೆ, ಆಕ್ಷೇಪ ಮಾತ್ರ ಹಳೆಯ ಜಾಗದಲ್ಲೇ ನಿಂತಿದೆ.

ಮುಂದಿನ ಐದು ವರ್ಷಕ್ಕೆಂದು ದೊಡ್ಡದನ್ನೇ ಕೊಳ್ಳುವುದು ಜಾಣತನ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ಸರ್ಕಾರಿ ಖರೀದಿಯಲ್ಲಿ ಎರಡನೇ ಟೆಂಡರ್ ಯಾವಾಗ ಆಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ವಿತರಿತ ವ್ಯವಸ್ಥೆ ಬೆಳೆಯುವುದು ಪೆಟ್ಟಿಗೆ ದೊಡ್ಡದು ಮಾಡಿ ಅಲ್ಲ, ಪೆಟ್ಟಿಗೆ ಸೇರಿಸಿ. ಸೇರುವ ಪ್ರತಿ ನೋಡ್ ತನ್ನ ಪ್ರೊಸೆಸರನ್ನು ತಾನೇ ತರುತ್ತದೆ. ದೊಡ್ಡ ಪ್ರೊಸೆಸರ್ ಕೊಂಡವರಿಗೆ ಅದನ್ನು ತುಂಬಿಸಲು ಹೆಚ್ಚು ಡಿಸ್ಕ್ ಹಾಕುವ ಆಸೆಯಾಗುತ್ತದೆ. 36 ಡಿಸ್ಕಿನ ನಾಲ್ಕು ನೋಡ್ ಮತ್ತು 12 ಡಿಸ್ಕಿನ ಹನ್ನೆರಡು ನೋಡ್ ಒಂದೇ ಜಾಗ ಕೊಟ್ಟರೂ, ಮೊದಲನೆಯದರಲ್ಲಿ ಒಂದು ಪೆಟ್ಟಿಗೆ ಕೆಟ್ಟರೆ ಕಾಲುಭಾಗ ದತ್ತಾಂಶ ತೂಗುಯ್ಯಾಲೆಯಲ್ಲಿರುತ್ತದೆ, ಮತ್ತೆ ನಾಲ್ಕೇ ನೋಡ್‌ಗಳಲ್ಲಿ ತುಂಡಿಗೊಂದು ನೋಡ್‌ನಂತೆ 8+3 ಹಂಚುವುದೂ ಆಗದು. ವಿದ್ಯುತ್ತಿನ ಲೆಕ್ಕ ಬೇರೆ. ಬೇಡದ 100 ವ್ಯಾಟ್ ವರ್ಷವಿಡೀ ಉರಿದರೆ 876 ಯೂನಿಟ್, ಹನ್ನೆರಡು ನೋಡ್‌ಗೆ ಹತ್ತು ಸಾವಿರ ಯೂನಿಟ್ಟಿಗೂ ಮೇಲೆ; ದಾವಣಗೆರೆಯ ಬೇಸಿಗೆಯಲ್ಲಿ ಆ ಶಾಖವನ್ನು ಹೊರಹಾಕುವ ಎಸಿಯ ಖರ್ಚು ಇದರ ಮೇಲೆ. ಕೋರ್ ಎಣಿಸಿ ಪರವಾನಗಿ ಶುಲ್ಕ ಹಾಕುವ ತಂತ್ರಾಂಶವಾದರೆ, ಉದಾಹರಣೆಗೆ ವಿಂಡೋಸ್ ಸರ್ವರ್ 2016ರಿಂದ ಹಾಗಿದೆ, ಸುಮ್ಮನೆ ಕೂತ ಕೋರ್‌ಗೂ ಹಣ ಕಟ್ಟಬೇಕು.

ಡಿಪಿಯು ಎಂಬ ಹೊಸ ಬಗೆಯ ಕಾರ್ಡುಗಳು ಪ್ರೊಸೆಸರಿನ ಹೊರೆಯನ್ನು ಇಳಿಸಿಕೊಳ್ಳುತ್ತವೆ ಎಂಬುದು ಮೂರನೆಯ ಆಕ್ಷೇಪ. ಎನ್‌ವಿಡಿಯಾದ ಬ್ಲೂಫೀಲ್ಡ್‌ನಂಥ ಕಾರ್ಡಿನಲ್ಲಿ ನೆಟ್‌ವರ್ಕಿನ ಜೊತೆಗೆ ಆರ್ಮ್ ಕೋರ್‌ಗಳೂ ಗೂಢಲಿಪೀಕರಣದ ಯಂತ್ರಾಂಶವೂ ಇರುತ್ತವೆ. ಸಫೈರ್ ರ‍್ಯಾಪಿಡ್ಸ್ ಅಂಥ ವೇಗವರ್ಧಕಗಳನ್ನು ಪ್ರೊಸೆಸರಿನೊಳಗೇ ತಂದಿದೆ. ಇವು ಗಣಿತದ ಭಾಗವನ್ನು ಇಳಿಸಿಕೊಳ್ಳುತ್ತವೆ ಎಂಬುದು ನಿಜ. ಆದರೆ ಹೆಚ್ಚಿನ ಹೊರೆ ಇರುವುದು ಗಣಿತದಲ್ಲಲ್ಲ, ತಂತ್ರಾಂಶದ ಓಡಾಟದಲ್ಲಿ ಎಂದು ಮೇಲೆ ಕಂಡಿದ್ದೇವೆ. ತಂತ್ರಾಂಶವೇ ವೇಗವರ್ಧಕವನ್ನು ಬಳಸುವಂತೆ ಬರೆದಿರದಿದ್ದರೆ ಅದು ಪಟ್ಟಿಯಲ್ಲಿನ ಒಂದು ಸಾಲಾಗಿ ಉಳಿಯುತ್ತದೆ.

ಕರ್ನಾಟಕದಲ್ಲಿನ ಬಳಕೆಯ ಬಗೆಗಳು

ಹರಿಹರ ತಾಲ್ಲೂಕಿನ ಮಲೆಬೆನ್ನೂರು ಹೋಬಳಿಯ ರೈತ ಪಡೆಯುವ ಪಹಣಿ ಕರ್ನಾಟಕದ ದೊಡ್ಡ ದತ್ತಾಂಶ ಭಂಡಾರವೊಂದಕ್ಕೆ ಸೇರಿದ್ದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆ ಶುರುವಾದದ್ದು ತಾಲ್ಲೂಕು ಕಚೇರಿಗಳ ಒಂದೊಂದು ಸರ್ವರಿನಿಂದ. ಒಂದು ಪಹಣಿ ಕೆಲವೇ ಕಿಲೋಬೈಟಿನ ದಾಖಲೆ. ಕೇಳುವವರು ಬಹಳ, ಕೇಳುವ ಪ್ರಮಾಣ ಸಣ್ಣದು. ಜಾಗ ಇಲ್ಲಿ ಸಮಸ್ಯೆಯೇ ಅಲ್ಲ. ಬೆಳೆ ಸಾಲ, ಬೆಳೆ ವಿಮೆಯ ದಿನಗಳಲ್ಲಿ ಕೋರಿಕೆಗಳ ನೂಕುನುಗ್ಗಲಾಗುತ್ತದೆ. ಫ್ಲ್ಯಾಶ್ ನೋಡ್, ಮೂರು ನಕಲು, ಕ್ಲಾಕ್ ವೇಗ ಹೆಚ್ಚಿರುವ ಪ್ರೊಸೆಸರ್ ಇಂಥ ಕೆಲಸಕ್ಕೆ ಹೊಂದುತ್ತವೆ.

ತಹಶೀಲ್ದಾರ್ ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ, 2024ರಲ್ಲಿ ಆರಂಭವಾದ 'ಭೂ ಸುರಕ್ಷಾ' ಕಾರ್ಯದ ಸ್ವರೂಪ ಬೇರೆ. ಒಂದು ಪುಟದ ಚಿತ್ರ 200 ಕೆಬಿ ಎಂದಿಟ್ಟುಕೊಂಡರೆ ಒಂದು ಕೋಟಿ ಪುಟ 2 ಟಿಬಿ ಆಗುತ್ತದೆ, ನೂರು ಕೋಟಿ ಪುಟವೂ 200 ಟಿಬಿಯಲ್ಲಿ ಮುಗಿಯುತ್ತದೆ. 8+3ರಲ್ಲಿ 275 ಟಿಬಿ. ಒಮ್ಮೆ ಬರೆದ ಪುಟವನ್ನು ಮತ್ತೆ ತೆರೆಯುವುದು ಅಪರೂಪ. ಪ್ರೊಸೆಸರಿಗೆ ಬೈಟುಗಳ ಹೊರೆ ಇಲ್ಲಿ ಏನೇನೂ ಇಲ್ಲ, ಇರುವುದು ಎಣಿಕೆಯ ಹೊರೆ. ಎಚ್‌ಡಿಎಫ್‌ಎಸ್‌ನಲ್ಲಿ ಒಂದು ಕಡತಕ್ಕೂ ಅದರ ಒಂದು ತುಂಡಿಗೂ ತಲಾ 150 ಬೈಟಿನಷ್ಟು ಮೆಮೊರಿ ಎಂಬ ರೂಢಿಯ ಅಂದಾಜಿನಂತೆ ನೂರು ಕೋಟಿ ಪುಟಗಳ ನೆನಪಿಗೇ 300 ಜಿಬಿ ಬೇಕಾಗುತ್ತದೆ. ಪುಟಗಳನ್ನು ಕಡತವಾರು ಒಟ್ಟುಮಾಡಿ ಇಡುವುದು, ಅಥವಾ ಕೇಂದ್ರ ಮೆಟಾಡೇಟಾ ಇಲ್ಲದ ವಸ್ತು ಸಂಗ್ರಹವನ್ನು (ಆಬ್ಜೆಕ್ಟ್ ಸ್ಟೋರೇಜ್) ಬಳಸುವುದು ದೊಡ್ಡ ಪ್ರೊಸೆಸರ್ ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಒಂದೇ ಪುಟ ಒಂದು ಕುಟುಂಬದ ಹಕ್ಕನ್ನು ನಿರ್ಧರಿಸಬಹುದಾದ್ದರಿಂದ, ಸುಮ್ಮನೆ ಬಿದ್ದಿರುವ ಪುಟಗಳನ್ನು ಆಗಾಗ ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸಕ್ಕೆ ಕೋರ್‌ಗಳನ್ನು ತೆಗೆದಿರಿಸುವುದು ಮಾತ್ರ ಬಿಡಲಾಗದ ಖರ್ಚು.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ಬಂದ ದಾವಣಗೆರೆಯಂಥ ನಗರಗಳ ನಿಯಂತ್ರಣ ಕೇಂದ್ರದಲ್ಲಿ ಕ್ಯಾಮೆರಾ ದೃಶ್ಯಗಳದು ಮೂರನೆಯ ಬಗೆ. ಕ್ಯಾಮೆರಾ ಒಂದಕ್ಕೆ 4 ಮೆಗಾಬಿಟ್‌ನಂತೆ 500 ಕ್ಯಾಮೆರಾ ಎಂದಿಟ್ಟುಕೊಂಡರೆ ಸೆಕೆಂಡಿಗೆ 250 ಎಂಬಿ, ಮೂವತ್ತು ದಿನಕ್ಕೆ ಸುಮಾರು 650 ಟಿಬಿ. ಬರೆಯುವ ಹೊರೆಗೆ ಇಡೀ ಕ್ಲಸ್ಟರಿನಲ್ಲಿ ಬೆರಳೆಣಿಕೆಯ ಕೋರ್ ಸಾಕು. ಜಾಗ ದೊಡ್ಡದು, ಡಿಸ್ಕ್ ತಿರುಗುವಂಥದು. ವಾಹನದ ನಂಬರ್ ಪ್ಲೇಟ್ ಗುರುತಿಸುವ ಕೆಲಸವನ್ನು ಇದೇ ನೋಡ್‌ಗಳಿಗೆ ಹಚ್ಚಿದಾಗ ಮಾತ್ರ ಲೆಕ್ಕ ಕೆಡುತ್ತದೆ, ಮರುನಿರ್ಮಾಣದ ಹೊತ್ತಿಗೆ ಎರಡೂ ಕೆಲಸ ಒಂದರ ಕೋರ್ ಇನ್ನೊಂದು ಕಸಿಯುತ್ತವೆ.

ಇವೆಲ್ಲವುಗಳಿಗಿಂತ ದೊಡ್ಡದು ಆಧಾರ್. ಬೆಂಗಳೂರು ಮತ್ತು ಮಾನೇಸರದ ದತ್ತಾಂಶ ಕೇಂದ್ರಗಳಿಂದ ನಡೆಯುವ ಈ ವ್ಯವಸ್ಥೆ ಎಚ್‌ಡಿಎಫ್‌ಎಸ್ ಮತ್ತು ಎಚ್‌ಬೇಸ್‌ನಂಥ ಮುಕ್ತ ತಂತ್ರಾಂಶವನ್ನು ಯಾವ ತಯಾರಕರಿಗೂ ಕಟ್ಟುಬೀಳದ ಸಾಮಾನ್ಯ ಎಕ್ಸ್86 ಸರ್ವರ್‌ಗಳ ಮೇಲೆ ಓಡಿಸುವ ವಿನ್ಯಾಸವನ್ನು ಆರಿಸಿಕೊಂಡಿತು. ಭಾವಚಿತ್ರ, ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಸೇರಿ ಒಬ್ಬರ ನೋಂದಣಿ ಪೊಟ್ಟಣ 5 ಎಂಬಿಯ ಆಸುಪಾಸು. 120 ಕೋಟಿ ಜನರಿಗೆ 6 ಪೆಟಾಬೈಟ್, ಮೂರು ನಕಲಿಗೆ 18. ಪೊಟ್ಟಣಗಳು ಗೂಢಲಿಪಿಯಲ್ಲೇ ಇರುವುದರಿಂದ ಎಇಎಸ್ ಆಜ್ಞೆಗಳಿಲ್ಲದ ಪ್ರೊಸೆಸರ್ ಇಲ್ಲಿ ಯೋಚನೆಗೂ ಬರುವಂತಿಲ್ಲ. ವೈಜ್ಞಾನಿಕ ಲೆಕ್ಕದ ಕಡೆ, 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ 4 ಪೆಟಾಬೈಟ್ ಸಂಗ್ರಹವನ್ನು ಪ್ರತ್ಯೇಕ ರ‍್ಯಾಕ್‌ಗಳಲ್ಲಿ ಇಟ್ಟಿದೆ; ಲೆಕ್ಕದ ನೋಡ್ ಬೇರೆ, ಸಂಗ್ರಹದ ನೋಡ್ ಬೇರೆ.

ಸದ್ಯದ ಸ್ಥಿತಿ

ತಯಾರಕರು ಸಂಗ್ರಹ ಸರ್ವರಿನ ಅಗತ್ಯವನ್ನು ಈಗ ಪ್ರತ್ಯೇಕವಾಗಿ ಗುರುತಿಸುತ್ತಿದ್ದಾರೆ. ಎಎಂಡಿ 2023ರ ಸೆಪ್ಟೆಂಬರಿನಲ್ಲಿ ತಂದ ಎಪಿಕ್ 8004 ಸಾಲು ಒಂದೇ ಸಾಕೆಟ್ಟಿನದು. ಗರಿಷ್ಠ 64 ಸಣ್ಣ ಕೋರ್, ಆರು ಮೆಮೊರಿ ಚಾನೆಲ್, ಐದನೇ ತಲೆಮಾರಿನ 96 ಲೇನ್. ಹೆಚ್ಚು ಕೋರ್ ಮತ್ತು ಕಡಿಮೆ ವಿದ್ಯುತ್ತಿನ ಆರ್ಮ್ ಪ್ರೊಸೆಸರ್‌ಗಳಲ್ಲಿ ಆಂಪಿಯರ್‌ನ 80 ಕೋರ್‌ಗಳ ಆಲ್ಟ್ರಾ 2020ರಿಂದ 128 ಲೇನ್ ಸಹಿತ ದೊರೆಯುತ್ತಿದೆ. ಸೆಫ್ ಮತ್ತು ಮಿನ್‌ಐಒ ಎಂಬ ಸಂಗ್ರಹ ತಂತ್ರಾಂಶ ಎರಡೂ ಆರ್ಮ್ ಮೇಲೆ ಓಡುತ್ತವೆ. ಭಾರತದಲ್ಲಿ ಸಿ-ಡ್ಯಾಕ್ 96 ಕೋರ್‌ಗಳ 'ಔಮ್' ಎಂಬ ಆರ್ಮ್ ಪ್ರೊಸೆಸರ್ ವಿನ್ಯಾಸದಲ್ಲಿ ತೊಡಗಿದೆ. ತಂತ್ರಾಂಶದ ಕಡೆಯಿಂದ ಬರುತ್ತಿರುವ ಬದಲಾವಣೆ ಇದಕ್ಕಿಂತ ಆಳವಾದದ್ದು. 2019ರಲ್ಲಿ ಲಿನಕ್ಸ್ 5.1 ಜೊತೆ ಬಂದ ಐಒ-ಯುರಿಂಗ್ ಕರ್ನೆಲ್ ಓಡಾಟವನ್ನು ತಗ್ಗಿಸುತ್ತದೆ. ಎಸ್‌ಪಿಡಿಕೆ ಎಂಬ ಗ್ರಂಥಾಲಯ ಕರ್ನೆಲನ್ನೇ ಬದಿಗಿಟ್ಟು ಡ್ರೈವ್ ಜೊತೆ ನೇರ ಮಾತಾಡುತ್ತದೆ. ಸೆಫ್ ತನ್ನ ಸಂಗ್ರಹ ಸೇವೆಯನ್ನು 'ಕ್ರಿಮ್ಸನ್' ಹೆಸರಿನಲ್ಲಿ, ಕೋರ್‌ಗಳ ನಡುವೆ ಬೀಗಗಳೇ ಇಲ್ಲದಂತೆ, ಹೊಸದಾಗಿ ಬರೆಯುತ್ತಿದೆ. ರೆಡ್ ಹ್ಯಾಟ್‌ನ ಗ್ಲಸ್ಟರ್ ಉತ್ಪನ್ನಕ್ಕೆ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿದಿರುವುದರಿಂದ ಅದರ ಮೇಲೆ ಕಟ್ಟಿದ ಸಂಗ್ರಹಗಳನ್ನು ಬೇರೆ ವ್ಯವಸ್ಥೆಗೆ ದಾಟಿಸಬೇಕಾಗಿದೆ. ಡಿಸ್ಕಿನ ಜೊತೆಗೆ ತಂತ್ರಾಂಶವೂ ಬದಲಾಗುವ ಅಂಥ ಕಡೆಗಳಲ್ಲಿ ಕೋರ್‌ಗಳ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ.